ಸುದ್ದಿಗಿಂತ ಮುಂದೆ ಓಡಿದ ಭಯ

ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಸೊಲ್ಲಾಪುರ, ನಳದುರ್ಗ, ಉಮರ್ಗಾಗಳನ್ನು ಹಾದು ಬೀದರ್ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಬಸವಕಲ್ಯಾಣ ಈ ರಸ್ತೆಯಿಂದ ತುಸು ಉತ್ತರಕ್ಕಿದೆ. ಹುಮನಾಬಾದ್ ರಸ್ತೆಯ ಮೇಲೆಯೇ ಇದೆ. 1948ರ ಬೇಸಗೆಯಲ್ಲಿ ಈ ಎರಡು ಊರುಗಳ ನಡುವಣ ಹಳ್ಳಿಗಳಲ್ಲಿ ದೂರವಾಣಿ ಇರಲಿಲ್ಲ, ಪತ್ರಿಕೆ ಬರುತ್ತಿರಲಿಲ್ಲ, ಬಂದರೂ ಓದುವವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಹುಮನಾಬಾದಿಗೆ ಆಗ ರೈಲೂ ಇರಲಿಲ್ಲ. ಆದರೂ ಒಂದು ಊರಿಗೆ ಬೆಂಕಿ ಬಿದ್ದ ಮಾತು ಮರುದಿನದ ಹೊತ್ತಿಗೆ ಹತ್ತಾರು ಊರುಗಳಿಗೆ ಮುಟ್ಟುತ್ತಿತ್ತು. ಜನ ಗಂಟುಮೂಟೆ ಕಟ್ಟಿಕೊಂಡು ಗಡಿಯಾಚೆಯ ಸೊಲ್ಲಾಪುರದತ್ತ ನಡೆಯುತ್ತಿದ್ದರು.

ಸಾಮಾಜಿಕ ಮಾಧ್ಯಮಗಳ ಬಳಕೆ ಹೆಚ್ಚಿದ ದೇಶಗಳಲ್ಲಿ ಭಯೋತ್ಪಾದನೆಯೂ ಹೆಚ್ಚುತ್ತದೆಯೇ ಎಂಬುದು ಈಗ ಜಗತ್ತಿನ ವಿದ್ವಾಂಸರನ್ನೂ ಸರ್ಕಾರಗಳನ್ನೂ ಕಾಡುತ್ತಿರುವ ಪ್ರಶ್ನೆ. ದೇಶದೇಶಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಇದಕ್ಕೆ ಒಂದು ದಾರಿ. ಮಾಧ್ಯಮವೆಂಬುದೇ ಹೆಚ್ಚುಕಡಿಮೆ ಇಲ್ಲದಿದ್ದ ಕಾಲದಲ್ಲಿ ಭಯ ಹೇಗೆ ಹರಡಿತು ಎಂದು ಕೇಳುವುದು ಇನ್ನೊಂದು. ಎರಡನೆಯ ದಾರಿ ನಮ್ಮ ನೆಲದಲ್ಲೇ ಹಾದುಹೋಗುತ್ತದೆ.

ಭಯೋತ್ಪಾದನೆ ಕೇವಲ ಕೊಲೆಯಲ್ಲ, ಅದೊಂದು ಸಂದೇಶ. ಸತ್ತವನಿಗೆ ಆ ಸಂದೇಶ ಬೇಕಿಲ್ಲ. ಅದು ಬದುಕಿ ಉಳಿದವರಿಗಾಗಿ ಬರೆದ ಓಲೆ. ಕಲ್ಯಾಣ ಇದನ್ನು ಹನ್ನೆರಡನೆಯ ಶತಮಾನದಲ್ಲೇ ಕಂಡಿದೆ. ಶರಣ ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಬಿಜ್ಜಳನ ಆಳ್ವಿಕೆಯಲ್ಲಿ ಆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಕೊಲ್ಲುವುದಷ್ಟೇ ಉದ್ದೇಶವಾಗಿದ್ದರೆ ಸೆರೆಮನೆಯ ಕತ್ತಲೆ ಸಾಕಿತ್ತು. ಊರ ಬೀದಿಗಳಲ್ಲಿ ಎಳೆಸಿದ್ದು ಊರು ನೋಡಲೆಂದು. ಆ ಕಾಲದ ಮಾಧ್ಯಮ ಊರ ಬೀದಿಯೇ ಆಗಿತ್ತು. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿನ ಕ್ರೀಡಾಪಟುಗಳನ್ನು ಒತ್ತೆಯಾಳಾಗಿ ಹಿಡಿದವರು ಆರಿಸಿಕೊಂಡ ಬೀದಿ ದೂರದರ್ಶನ. ಜಗತ್ತಿನ ಕ್ಯಾಮೆರಾಗಳೆಲ್ಲ ಅಲ್ಲಿ ಮೊದಲೇ ನೆರೆದಿದ್ದವು. ಭಯೋತ್ಪಾದಕರಿಗೆ ಪ್ರಚಾರವೇ ಪ್ರಾಣವಾಯು, ಅದನ್ನು ಕಡಿಯಬೇಕು ಎಂಬರ್ಥದಲ್ಲಿ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ವಾದಿಸಿದ್ದು 1985ರಲ್ಲಿ. ಮಾತು ಸರಿಯೇ. ಆದರೆ ಪ್ರಚಾರವನ್ನು ಕಡಿದರೆ ಭಯ ಸಾಯುತ್ತದೆಯೇ ಎಂಬ ಪ್ರಶ್ನೆಗೆ ಹೈದರಾಬಾದ್ ಸಂಸ್ಥಾನದ ಉತ್ತರ ಬೇರೆಯೇ ಇದೆ.

1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದಾಗ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲೇ ಉಳಿದವು. ಆಗಿನ ಬೀದರ್ ಜಿಲ್ಲೆ ಇಂದಿನದಕ್ಕಿಂತ ದೊಡ್ಡದು. ಉದಗೀರ, ನಿಲಂಗಾ, ಅಹಮದಪುರಗಳೂ ಜಹೀರಾಬಾದ್ ಕಡೆಯ ಭಾಗವೂ ಅದರಲ್ಲಿದ್ದವು. ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎಂದೇ ಹೆಸರು, ಅದೊಂದು ನವಾಬರ ಜಹಗೀರು. ಸುತ್ತಮುತ್ತ ಮನೆಮಾತು ಕನ್ನಡ, ಸಂತೆಯಲ್ಲಿ ಮರಾಠಿ, ಪೂರ್ವಕ್ಕೆ ಸರಿದರೆ ತೆಲುಗು. ಆದರೆ ಕಚೇರಿ, ಕೋರ್ಟು, ಪೊಲೀಸು ಎಲ್ಲವೂ ಉರ್ದು. ಫರ್ಮಾನು ಏನು ಹೇಳುತ್ತದೆ ಎಂಬುದನ್ನು ಬಹುಪಾಲು ರೈತರು ಬೇರೆಯವರ ಬಾಯಿಂದಲೇ ಕೇಳಬೇಕಿತ್ತು. ಸಭೆ ಸೇರಲು ಸರ್ಕಾರದ ಅನುಮತಿ ಬೇಕು, ಹೊರಗಿನ ಅನೇಕ ಪತ್ರಿಕೆಗಳಿಗೆ ಪ್ರವೇಶವಿಲ್ಲ. ಹೈದರಾಬಾದಿನಲ್ಲಿ 1935ರಿಂದ ರೇಡಿಯೋ ಕೇಂದ್ರವಿತ್ತು. 200 ವ್ಯಾಟ್ ಶಕ್ತಿಯ ಚಿಕ್ಕ ಪ್ರಸಾರಕದಿಂದ ಆರಂಭವಾದ ಈ ದಕ್ಕನ್ ರೇಡಿಯೋ ಸಂಸ್ಥಾನದ ದನಿಯಾಗಿತ್ತು. ರೇಡಿಯೋ ಪೆಟ್ಟಿಗೆ ಇದ್ದ ಮನೆಗಳು ಹಳ್ಳಿಗಾಡಿನಲ್ಲಿ ಎಣಿಸಿದರೆ ಸಿಗುವಷ್ಟು. ಒಟ್ಟಿನಲ್ಲಿ ನಂಬಬಹುದಾದ ಸುದ್ದಿ ಬರುವ ಬಾಗಿಲುಗಳೆಲ್ಲ ಮುಚ್ಚಿದ್ದವು. ಇದು ಮುಖ್ಯವಾದ ಸಂಗತಿ. ರಜಾಕಾರರ ಕಥೆಯನ್ನು ಹೇಳುವಾಗ ಬಂದೂಕು, ಕತ್ತಿಗಳ ಬಗ್ಗೆ ಹೇಳಿ ಇದನ್ನು ಬಿಡುವುದುಂಟು.

ರಜಾಕಾರ ಎಂದರೆ ಸ್ವಯಂಸೇವಕ. ಇತ್ತೆಹಾದ್-ಉಲ್-ಮುಸ್ಲಿಮೀನ್ ಸಂಘಟನೆಯ ಈ ಪಡೆಯ ನಾಯಕ ಕಾಸಿಂ ರಜ್ವಿ ಲಾತೂರಿನ ವಕೀಲ. ಸೈನಿಕನಲ್ಲ, ಆಡಳಿತಗಾರನಲ್ಲ, ಅವನ ಬಂಡವಾಳ ನಾಲಿಗೆ. 1947ರ ಅಕ್ಟೋಬರ್ 27ರ ನಸುಕಿನಲ್ಲಿ ಸುಮಾರು 25 ಸಾವಿರ ಜನರ ಗುಂಪು ಪ್ರಧಾನಿ ಛತಾರಿ ನವಾಬರ ಮತ್ತು ಇತರ ಸಂಧಾನಕಾರರ ಮನೆಗಳನ್ನು ಸುತ್ತುವರಿದು ಅವರು ದೆಹಲಿಗೆ ಹೊರಡದಂತೆ ತಡೆಯಿತು. ನವೆಂಬರ್ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವೇನೋ ಆಯಿತು. ಆದರೆ ಆ ಹೊತ್ತಿಗೆ ಸಂಸ್ಥಾನದಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಇತ್ಯರ್ಥವಾಗಿಬಿಟ್ಟಿತ್ತು.

ರಜ್ವಿಯ ಭಾಷಣಗಳದ್ದೇ ಒಂದು ಕಥೆ. ಕೆಂಪುಕೋಟೆಯ ಮೇಲೆ ಆಸಫ್ ಜಾಹಿ ಧ್ವಜ ಹಾರಿಸುವ, ಬಂಗಾಳ ಕೊಲ್ಲಿಯ ನೀರಿನಿಂದ ನಿಜಾಮರ ಪಾದ ತೊಳೆಯಿಸುವ ಮಾತುಗಳು ಅವನವೆಂದು ದೇಶದ ತುಂಬ ಹರಡಿದವು. 1948ರ ಮಾರ್ಚ್ 31ರ ಅವನ ಭಾಷಣ ಭಾರತದ ಪತ್ರಿಕೆಗಳಲ್ಲಿ ಪ್ರಕಟವಾದಾಗ ದೆಹಲಿ ಪ್ರತಿಭಟಿಸಿತು. ಹೈದರಾಬಾದ್ ಕಡೆಯಿಂದ ಅಂಥ ಭಾಷಣ ನಡೆದೇ ಇಲ್ಲವೆಂಬ ನಿರಾಕರಣೆ ಬಂತು. ಆಡಿದ ಮಾತೋ ಕಟ್ಟಿದ ಮಾತೋ ಎಂಬ ಜಗಳ ನಮ್ಮ ಕಾಲದ ಆವಿಷ್ಕಾರವಲ್ಲ. ಕಲ್ಯಾಣಿಯ ಒಬ್ಬ ಅಂಗಡಿಕಾರನ ದೃಷ್ಟಿಯಿಂದ ನೋಡಿದರೆ ಈ ಜಗಳದ ತೀರ್ಪಿನಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಮಾತು ರಸ್ತೆಗೆ ಬಿದ್ದಾಗಿತ್ತು. ಅದನ್ನು ಕೇಳಿ ಹಿಗ್ಗಿದವರೂ ಇದ್ದರು, ನಡುಗಿದವರೂ ಇದ್ದರು. ಎರಡೂ ರಜಾಕಾರರಿಗೆ ಲಾಭವೇ.

ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣ ಭಾಗದ ಗೋರ್ಟಾ ಗ್ರಾಮದ ಮೇಲೆ ದಾಳಿ ನಡೆಯಿತು. ಸತ್ತವರು ಇನ್ನೂರು ಮಂದಿ ಎಂಬುದು ಈ ಭಾಗದಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಹೈದರಾಬಾದ್ ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಆ ಊರನ್ನು ಕರೆಯುತ್ತಾರೆ. ಈ ಹೋಲಿಕೆಯಲ್ಲಿ ಒಂದು ಮುಖ್ಯ ವ್ಯತ್ಯಾಸ ಮರೆಯಾಗುತ್ತದೆ. ಜಲಿಯನ್‌ವಾಲಾಬಾಗಿನ ಬಗ್ಗೆ ಬ್ರಿಟಿಷ್ ಸರ್ಕಾರವೇ ಹಂಟರ್ ಸಮಿತಿಯನ್ನು ನೇಮಿಸಿತು, ಕಾಂಗ್ರೆಸ್ ತನ್ನದೇ ವಿಚಾರಣೆ ನಡೆಸಿತು, ಸಾಕ್ಷಿಗಳು ದಾಖಲಾದರು, ಬ್ರಿಟಿಷ್ ಸಂಸತ್ತಿನಲ್ಲಿ ಚರ್ಚೆಯಾಯಿತು. ಗೋರ್ಟಾಕ್ಕೆ ಅಂಥ ಭಾಗ್ಯವಿರಲಿಲ್ಲ. ಅದರ ಸುದ್ದಿ ಓಡಿಬಂದವರ ಬಾಯಲ್ಲಿ ಹೊರಟಿತು. ಹಾಗೆ ಹೊರಟ ಸುದ್ದಿ ಪ್ರತಿ ಊರಿನಲ್ಲೂ ಅಲ್ಲಿನ ಅಂಜಿಕೆಯನ್ನು ಕೂಡಿಸಿಕೊಂಡು ಮುಂದೆ ಹೋಯಿತು. ಮುಂದಿನ ಸರದಿ ಯಾವ ಊರಿನದು ಎಂದು ಜನ ಕೇಳತೊಡಗಿದರೆ ದಾಳಿಕೋರರ ಅರ್ಧ ಕೆಲಸ ಮುಗಿದಂತೆಯೇ. ಒಂದು ಊರನ್ನು ಸುಟ್ಟರೆ ಇಪ್ಪತ್ತು ಊರು ಖಾಲಿಯಾಗುತ್ತವೆ.

ಇದನ್ನು ಎದುರಿಸಬಲ್ಲ ದನಿಗಳು ಇರಲೇ ಇಲ್ಲವೆಂದಲ್ಲ. ಆ ಆಗಸ್ಟ್‌ನಲ್ಲಿ ಏಳು ಮಂದಿ ಮುಸ್ಲಿಂ ಗಣ್ಯರು ರಜಾಕಾರರನ್ನು ವಿಸರ್ಜಿಸಿ ಭಾರತದೊಡನೆ ಸೇರಬೇಕೆಂದು ಹೇಳಿಕೆ ಕೊಟ್ಟರು. ಹೈದರಾಬಾದಿನ ಉರ್ದು ಪತ್ರಿಕೆ ‘ಇಮ್ರೋಜ್’ ಅದನ್ನು ಪ್ರಕಟಿಸಿತು. ಅದರ ಸಂಪಾದಕ ಶೋಯಬುಲ್ಲಾ ಖಾನ್, ಇನ್ನೂ ಮೂವತ್ತು ತುಂಬದ ತರುಣ. ವಿರುದ್ಧ ಬರೆಯುವ ಕೈಗಳನ್ನು ಕತ್ತರಿಸಬೇಕೆಂಬ ಮಾತು ಸಭೆಯಲ್ಲಿ ಕೇಳಿಬಂತು. ಕೆಲವೇ ದಿನಗಳಲ್ಲಿ, ಆಗಸ್ಟ್ 21ರ ರಾತ್ರಿ, ಕಚೇರಿಯಿಂದ ಮನೆಗೆ ಹೋಗುತ್ತಿದ್ದ ಖಾನರ ಮೇಲೆ ಗುಂಡು ಹಾರಿಸಿ, ಅವರ ಕೈಯನ್ನು ನಿಜವಾಗಿಯೂ ಕತ್ತರಿಸಲಾಯಿತು. ಅವರು 22ರ ನಸುಕಿನಲ್ಲಿ ತೀರಿಕೊಂಡರು. ವೇದಿಕೆಯ ಅಲಂಕಾರದ ಮಾತು ಅಕ್ಷರಶಃ ಕೃತ್ಯವಾದದ್ದಕ್ಕೆ ಇದಕ್ಕಿಂತ ಕರಾಳ ನಿದರ್ಶನ ಸಿಗುವುದು ಕಷ್ಟ. ಕೊಂದದ್ದು ಒಬ್ಬನನ್ನೇ ಆದರೂ ಮುಚ್ಚಿದ್ದು ಸುದ್ದಿಯ ಕೊನೆಯ ಕಿಟಕಿಗಳಲ್ಲಿ ಒಂದನ್ನು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದಿಂದ ಹೊರಟಿತು. ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್ ಹೀಗೆ ಇದೇ ಹೆದ್ದಾರಿ ಹಿಡಿದು ಸಾಗಿತು. 17ರ ಸಂಜೆ ನಿಜಾಮರು ಸ್ವತಃ ರೇಡಿಯೋದಲ್ಲಿ ಮಾತನಾಡಿದರು. 37 ವರ್ಷ ಆಳಿದ ದೊರೆ ಧ್ವನಿವರ್ಧಕದ ಮುಂದೆ ಕುಳಿತದ್ದು ಅದೇ ಮೊದಲು ಎನ್ನುತ್ತಾರೆ. 23ರಂದು ಮತ್ತೊಮ್ಮೆ ಮಾತನಾಡಿ, ರಜ್ವಿಯ ಗುಂಪು ಹಿಟ್ಲರನ ಜರ್ಮನಿಯನ್ನು ನೆನಪಿಸುವ ವಿಧಾನಗಳಿಂದ ಸಂಸ್ಥಾನವನ್ನು ವಶಪಡಿಸಿಕೊಂಡು ಭಯ ಹರಡಿತ್ತು, ತಮ್ಮನ್ನು ಅಸಹಾಯಕರನ್ನಾಗಿ ಮಾಡಿತ್ತು ಎಂದು ತಿಳಿಸಿದರು. ಅದು ನಿಜವೋ, ಸೋತ ಮೇಲಿನ ಜಾಣತನವೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಇಂಥ ಒಂದು ಮಾತು ಹತ್ತು ತಿಂಗಳು ಮೊದಲೇ ಅದೇ ರೇಡಿಯೋದಿಂದ ಬಂದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯಂತೂ ಉಳಿಯುತ್ತದೆ.

ಭಯ ಅಲ್ಲಿಗೆ ನಿಲ್ಲಲಿಲ್ಲ. ದಿಕ್ಕು ಬದಲಿಸಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಸ್ಥಾನವನ್ನು ಸುತ್ತಿತು. ಪೊಲೀಸ್ ಕಾರ್ಯಾಚರಣೆಯ ವೇಳೆಯಲ್ಲೂ ನಂತರವೂ ಸತ್ತವರ ಸಂಖ್ಯೆಯನ್ನು ಅದು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್. ಈ ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನ ಸತ್ತರೆಂಬುದು ತಂಡದ ಲೆಕ್ಕ. ರಜಾಕಾರರ ಹಾವಳಿ ಎಲ್ಲಿ ಹೆಚ್ಚಾಗಿತ್ತೋ ಅಲ್ಲೇ ಸೇಡೂ ಹೆಚ್ಚಾಗಿತ್ತು. ರಜಾಕಾರನ ಮುಖ ಕಾಣದ, ಅವನ ಭಾಷಣ ಕೇಳದ ಮುಸ್ಲಿಂ ರೈತ, ನೇಕಾರರೂ ಅದಕ್ಕೆ ಬೆಲೆ ತೆತ್ತರು. ಗೋರ್ಟಾದ ಹೆಸರನ್ನು ಎತ್ತುವಷ್ಟು ಸುಲಭವಾಗಿ ಇದನ್ನು ಎತ್ತುವುದಿಲ್ಲ. ಎತ್ತದಿರುವುದಕ್ಕೆ ಒಂದು ಕಾರಣ, ಆ ವರದಿಯನ್ನು ಸರ್ಕಾರ ಪ್ರಕಟಿಸಲೇ ಇಲ್ಲ. ಅದು ದೆಹಲಿಯಲ್ಲಿ ಓದುಗರ ಕೈಗೆ ಸಿಕ್ಕಿದ್ದು 2013ರಲ್ಲಿ. 65 ವರ್ಷ ಕಾಲ ಎರಡೂ ಕಡೆಯವರು ತಮ್ಮ ತಮ್ಮ ಮನೆಯಲ್ಲಿ ಕೇಳಿದ ಲೆಕ್ಕವನ್ನೇ ನಂಬಿಕೊಂಡು ಬಂದರು.

ಈಗ ಅಂಕಿಗಳ ದಾರಿಗೆ ಬರಬಹುದು. ಭಯೋತ್ಪಾದನೆಗೆ ಜಗತ್ತಿನಾದ್ಯಂತ ಬಲಿಯಾದವರ ಸಂಖ್ಯೆ 2014ರಲ್ಲಿ ಶಿಖರ ಮುಟ್ಟಿತು. ಮುಂದಿನ ಐದು ವರ್ಷ ಇಳಿಯುತ್ತ ಹೋಯಿತು. ಅದೇ ಅವಧಿಯಲ್ಲಿ ಫೇಸ್‌ಬುಕ್ ಬಳಸುವವರು ಸುಮಾರು 140 ಕೋಟಿಯಿಂದ 250 ಕೋಟಿಗೆ ಏರಿದರು. 2014ರ ಸಾವುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಂಭವಿಸಿದ್ದು ಇರಾಕ್, ನೈಜೀರಿಯಾ, ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಸಿರಿಯಾ ಎಂಬ ಐದು ದೇಶಗಳಲ್ಲಿ. ಇವು ಮೊಬೈಲ್ ಹುಚ್ಚಿಗೆ ಹೆಸರಾದ ದೇಶಗಳಲ್ಲ. ಯುದ್ಧ, ಕುಸಿದ ಸರ್ಕಾರ, ದಾರಿ ತಪ್ಪಿದ ಪೊಲೀಸ್ ವ್ಯವಸ್ಥೆಗೆ ಹೆಸರಾದವು. ಹೀಗಾಗಿ ಬಳಕೆ ಹೆಚ್ಚಿದಷ್ಟೂ ಭಯೋತ್ಪಾದನೆ ಹೆಚ್ಚುತ್ತದೆ ಎಂಬ ನೇರ ಸಮೀಕರಣ ನಿಲ್ಲುವುದಿಲ್ಲ.

ಹಾಗೆಂದು ಮಾಧ್ಯಮ ನಿರಪರಾಧಿಯೆಂದೂ ಹೇಳುವಂತಿಲ್ಲ. 1994ರಲ್ಲಿ ರುವಾಂಡಾದ ಒಂದು ಖಾಸಗಿ ರೇಡಿಯೋ ಟುಟ್ಸಿ ಜನರನ್ನು ಜಿರಲೆಗಳೆಂದು ಕರೆಯುತ್ತ ಕೊಲೆಗೆ ಪ್ರಚೋದಿಸಿತು. ಅದಕ್ಕೆ ಕಾರಣರಾದವರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು. ಮ್ಯಾನ್ಮಾರ್‌ನಲ್ಲಿ ತನ್ನ ವೇದಿಕೆ ಹಿಂಸೆಯನ್ನು ಪ್ರಚೋದಿಸಲು ಬಳಕೆಯಾಗುವುದನ್ನು ತಡೆಯಲು ಸಾಕಷ್ಟು ಮಾಡಲಿಲ್ಲವೆಂದು ಫೇಸ್‌ಬುಕ್ 2018ರಲ್ಲಿ ಒಪ್ಪಿಕೊಂಡಿತು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನು ಕೊಲ್ಲುವುದನ್ನು ನೇರ ಪ್ರಸಾರ ಮಾಡಿದ. ಪ್ರಸಾರದ ಹೊತ್ತಿನಲ್ಲಿ ಅದನ್ನು ನೋಡಿದವರು ಇನ್ನೂರಕ್ಕಿಂತ ಕಡಿಮೆ. ಆದರೆ ಮೊದಲ 24 ಗಂಟೆಗಳಲ್ಲಿ ಕಂಪನಿ ಅಳಿಸಿಹಾಕಿದ ಆ ವಿಡಿಯೋದ ಪ್ರತಿಗಳು 15 ಲಕ್ಷ. ಗೋರ್ಟಾದ ಸುದ್ದಿ ಹತ್ತು ಹರದಾರಿ ನಡೆಯಬೇಕಿತ್ತು. ಇದು ಕುಳಿತಲ್ಲೇ ಭೂಮಿ ಸುತ್ತಿತು. ಹೊಸ ಮಾಧ್ಯಮ ಕೊಟ್ಟದ್ದು ದ್ವೇಷವನ್ನಲ್ಲ, ದ್ವೇಷಕ್ಕೆ ವೇಗವನ್ನು. ದೂರದ ಅಪರಿಚಿತನನ್ನು ಪಕ್ಕದ ಮನೆಯವನಂತೆ ಕಾಣಿಸುವ ಮಾಯೆಯನ್ನೂ ಕೊಟ್ಟಿತು. 2014ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಬಂಧಿತನಾದ ಒಬ್ಬ ಕಂಪನಿ ಉದ್ಯೋಗಿ ಹಗಲು ನೌಕರಿ ಮಾಡಿ, ರಾತ್ರಿ ಟ್ವಿಟರ್‌ನಲ್ಲಿ ಇಸ್ಲಾಮಿಕ್ ಸ್ಟೇಟ್ ಪರ ಪ್ರಚಾರ ಮಾಡುತ್ತಿದ್ದನೆಂಬುದು ಪೊಲೀಸರ ಆರೋಪವಾಗಿತ್ತು. ಆ ಖಾತೆಗೆ 17 ಸಾವಿರಕ್ಕೂ ಹೆಚ್ಚು ಹಿಂಬಾಲಕರಿದ್ದರು. ನಡೆಸುತ್ತಿದ್ದವನು ಯಾರೆಂದು ಅವರಲ್ಲಿ ಎಷ್ಟು ಜನ ಕೇಳಿಕೊಂಡಿದ್ದರೋ!

ಭಯೋತ್ಪಾದಕನೇ ಇಲ್ಲದೆ ಭಯ ಹುಟ್ಟಬಲ್ಲದು ಎಂಬುದನ್ನೂ ಕರ್ನಾಟಕ ಕಂಡಿದೆ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಕೋಕ್ರಾಝಾರ್ ಗಲಭೆಗಳ ಬೆನ್ನಲ್ಲೇ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆಯೆಂಬ ಮೊಬೈಲ್ ಸಂದೇಶಗಳು ಬೆಂಗಳೂರಿನಲ್ಲಿ ಹರಿದಾಡಿದವು. ಸಂದೇಶ ಹೇಳಿದ ದಾಳಿ ನಡೆಯಲಿಲ್ಲ. ಆದರೆ ಸಾವಿರಾರು ಯುವಕ ಯುವತಿಯರು ನೌಕರಿ ಬಿಟ್ಟು ನಗರದ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ಕೇಂದ್ರ ಸರ್ಕಾರ ತಾತ್ಕಾಲಿಕ ನಿರ್ಬಂಧ ಹೇರಿತು. 1948ರಲ್ಲಿ ಸೊಲ್ಲಾಪುರದ ಹಾದಿ ಹಿಡಿದವರ ಬೆನ್ನ ಹಿಂದೆ ನಿಜವಾದ ಬೆಂಕಿ ಇತ್ತು, ಇಲ್ಲಿ ಇರಲಿಲ್ಲ. ಓಡಿದವರ ಭಯದಲ್ಲಿ ಮಾತ್ರ ಭೇದವಿರಲಿಲ್ಲ.

ಬೀದರ್ ಜಿಲ್ಲೆಯ ಸರದಿ ಮತ್ತೆ ಬಂದದ್ದು 2018ರ ಜುಲೈ 13ರಂದು. ಆಗ ಔರಾದ್ ತಾಲ್ಲೂಕಿಗೆ ಸೇರಿದ್ದ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪನ್ನು ಮಕ್ಕಳ ಕಳ್ಳರೆಂದು ಭಾವಿಸಿ ಜನ ಥಳಿಸಿದರು. 32 ವರ್ಷದ ಒಬ್ಬ ತಂತ್ರಜ್ಞ ಸತ್ತ. ಅವರು ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಮಕ್ಕಳ ಕಳ್ಳರ ಬಗ್ಗೆ ವಾರಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋಗಳು ಹರಿದಾಡುತ್ತಿದ್ದವು. ಅವರ ಕಾರು ಒಂದು ಊರಿನಿಂದ ತಪ್ಪಿಸಿಕೊಂಡು ಹೊರಟರೆ, ಸಂದೇಶ ಕಾರಿಗಿಂತ ಮೊದಲೇ ಮುಂದಿನ ಊರಿಗೆ ಮುಟ್ಟಿತ್ತು. ರಸ್ತೆಗೆ ಅಡ್ಡ ಹಾಕಲಾಗಿತ್ತು. ಪೊಲೀಸರು ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು, ಅವರಲ್ಲಿ ಒಬ್ಬ ವಾಟ್ಸ್‌ಆ್ಯಪ್ ಗುಂಪಿನ ಮುಖ್ಯಸ್ಥ. ಒಂದು ವಾರದೊಳಗೆ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಟ್ಟಿಗೆ ಮುಂದೂಡದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಕಾನೂನಿನ ಭಾಷೆಯಲ್ಲಿ ಇದು ಭಯೋತ್ಪಾದನೆಯಲ್ಲ, ಗುಂಪು ಹತ್ಯೆ. ಇಲ್ಲಿ ಭಯ ಹುಟ್ಟಿಸಲು ಸಂಘಟನೆ ಬೇಕಾಗಲಿಲ್ಲ, ನಾಯಕ ಬೇಕಾಗಲಿಲ್ಲ, ಭಾಷಣವೂ ಬೇಕಾಗಲಿಲ್ಲ.

ಹಾಗಾದರೆ ಮುಚ್ಚಿಬಿಡುವುದೇ ಮದ್ದೇ? 2019ರ ಏಪ್ರಿಲ್ 21ರಂದು, ಈಸ್ಟರ್ ದಿನ, ಶ್ರೀಲಂಕಾದ ಚರ್ಚುಗಳಲ್ಲಿ, ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತಾಗ ಅಲ್ಲಿನ ಸರ್ಕಾರ ಸಾಮಾಜಿಕ ಮಾಧ್ಯಮಗಳನ್ನು ತಡೆಹಿಡಿಯಿತು. ಆದರೂ ಮೇ ತಿಂಗಳಲ್ಲಿ ಮುಸ್ಲಿಮರ ಮನೆ, ಅಂಗಡಿಗಳ ಮೇಲೆ ದಾಳಿಗಳು ನಡೆದವು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಕಡಿತವಾದ ವೇಗದ ಮೊಬೈಲ್ ಇಂಟರ್‌ನೆಟ್ ಪೂರ್ಣವಾಗಿ ಮರಳಿದ್ದು 2021ರ ಫೆಬ್ರುವರಿಯಲ್ಲಿ. ನಡುವೆ, 2020ರ ಜನವರಿಯಲ್ಲಿ, ಅನಿರ್ದಿಷ್ಟ ಕಾಲದ ಕಡಿತ ಸಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿತು. ಬೆಂಕಿ ಹೊತ್ತಿದ ಗಳಿಗೆಯಲ್ಲಿ ಒಂದೆರಡು ದಿನದ ತಡೆಗೆ ಅರ್ಥವಿರಬಹುದು. ಆದರೆ ಸಾಧನವನ್ನು ಮುಚ್ಚಿದಾಗ ವದಂತಿಯ ಜೊತೆಗೆ ಅದನ್ನು ಸುಳ್ಳೆನ್ನುವ ದನಿಯೂ ಮುಚ್ಚಿಹೋಗುತ್ತದೆ. ನಿಜಾಮರ ಸಂಸ್ಥಾನ ಈ ಪ್ರಯೋಗವನ್ನು ದಶಕಗಳ ಕಾಲ ಮಾಡಿ ನೋಡಿತ್ತು. ಅದರ ಫಲ ಕಂಡದ್ದು 1948ರಲ್ಲಿ.

ಬಾಯಿಮಾತಿನ ಆ ಬಿರುಗಾಳಿಯಲ್ಲೂ ಕೆಲವು ಕಡೆ ಜನ ಅಲುಗಾಡಲಿಲ್ಲ. ಸುಂದರಲಾಲ್ ತಂಡದ ವರದಿಯಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಒಂದು ಭಾಗವಿದೆ. ಹಿಂದೂಗಳು ತಮ್ಮ ಮುಸ್ಲಿಂ ನೆರೆಯವರನ್ನು ಪ್ರಾಣ ಕೊಟ್ಟಾದರೂ ಕಾಪಾಡಿದ ಹಲವು ಪ್ರಸಂಗಗಳನ್ನು ಅದು ದಾಖಲಿಸುತ್ತದೆ. ಒಂದೇ ಕಸುಬಿನವರ ನಡುವೆ ಈ ಬಾಂಧವ್ಯ ಎದ್ದು ಕಾಣುತ್ತಿತ್ತು ಎನ್ನುತ್ತದೆ. ಕೆಲವು ಊರುಗಳಲ್ಲಿ ಹಿಂದೂ ನೇಕಾರರು, ಹಿಂದೂ ಗುಂಪುಗಳ ಎದುರು ನಿಂತು ಮುಸ್ಲಿಂ ನೇಕಾರರನ್ನು ರಕ್ಷಿಸಿದರು, ಅದಕ್ಕಾಗಿ ಕೆಲವರು ಸತ್ತರು. ಇವರಿಗೂ ಪತ್ರಿಕೆ ಬರುತ್ತಿರಲಿಲ್ಲ, ರೇಡಿಯೋ ಇರಲಿಲ್ಲ. ಉಳಿದೆಲ್ಲರೂ ಕೇಳಿದ ವದಂತಿಗಳನ್ನೇ ಅವರೂ ಕೇಳಿದ್ದರು. ಆದರೆ ಯಾರ ಬಗ್ಗೆ ಆ ಮಾತು ಹೇಳುತ್ತಿದ್ದರೋ ಅವನೊಡನೆ ಅದೇ ಸಂತೆಯಲ್ಲಿ ನೂಲು ಕೊಂಡು, ಅದೇ ಸಾಹುಕಾರನಿಗೆ ಬಟ್ಟೆ ಮಾರಿ ಅವರಿಗೆ ಗೊತ್ತಿತ್ತು. ಆ ನೇಕಾರರು ಮಾಡಿದ್ದೂ ಉಳಿದ ಲೆಕ್ಕಗಳ ಜೊತೆಗೇ 2013ರವರೆಗೆ ಕಡತದಲ್ಲಿ ಉಳಿಯಿತು.